ಪೋಲೆಂಡನ್ನು ಉಳಿಸಿದವರಾರು?

1918ರ ನವೆಂಬರ್ 11ರಂದು ಪಿಲ್ಸುಡ್‌ಸ್ಕಿಯು ವಾರ್ಸಾ ನಗರದಲ್ಲಿ ಸೈನ್ಯಾಧಿಕಾರವನ್ನು ವಹಿಸಿಕೊಂಡನು; ಪೋಲೆಂಡು ಮತ್ತೆ ಸ್ವತಂತ್ರವಾಯಿತು. 1920ರ ಆಗಸ್ಟಿನಲ್ಲಿ ಆ ನಗರದ ಹೆಬ್ಬಾಗಿಲಿಗೆ ಬಂದ ಸೋವಿಯತ್ ಸೈನ್ಯವನ್ನು ಹಿಮ್ಮೆಟ್ಟಿಸಿದ ಪಡೆಗಳ ನಾಯಕನೂ ಆತನೇ. ಆದರೆ ಕೀರ್ತಿಯೆಲ್ಲವೂ ಖಡ್ಗಕ್ಕೇ ಸಲ್ಲತಕ್ಕದ್ದೆಂದು ನಾವು ಒಪ್ಪಲಾರೆವು.

1795ರಿಂದ 123 ವರ್ಷ ಆ ನಾಡನ್ನು ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಹಂಚಿಕೊಂಡಿದ್ದವು. ಮೊದಲ ಮಹಾಯುದ್ಧದಲ್ಲಿ ಪೋಲರು ಪರರ ಸೈನ್ಯಗಳಲ್ಲಿ ಸೇರಿ ತಮ್ಮವರಿಗೇ ಎದುರಾಗಿ ನಿಂತರು. ಅಂಥವರನ್ನು ಒಂದು ಜನಾಂಗವಾಗಿ ಉಳಿಸಿದ್ದರಲ್ಲಿ ಮನೆಮಾತಿನ ಪಾಲು ದೊಡ್ಡದು. 1901ರಲ್ಲಿ ಪ್ರಷ್ಯಾದ ಆಳ್ವಿಕೆಯಲ್ಲಿದ್ದ ವ್ಜೆಶ್ನ್ಯಾ ಊರಿನ ಮಕ್ಕಳು, ಜರ್ಮನ್ ನುಡಿಯಲ್ಲಿ ಧರ್ಮಪಾಠ ಒಲ್ಲೆವೆಂದು ಛಡಿಯೇಟು ತಿಂದರು.

ಎರಡನೆಯ ಮಹಾಯುದ್ಧದಲ್ಲಿ ನೆಲೆಗೆಟ್ಟ ಸುಮಾರು 5000 ಪೋಲರು, ಬಹುತೇಕ ಹೆಂಗಸರು ಮಕ್ಕಳು, 1943ರಿಂದ 1948ರವರೆಗೆ ಬೆಳಗಾವಿಯ ನೆರೆಯ ಕೊಲ್ಹಾಪುರದ ವಲಿವಡೆಯಲ್ಲಿದ್ದರು. ನಿರಾಶ್ರಿತರ ಆ ಬಿಡಾರದಲ್ಲಿಯೂ ತಮ್ಮ ಭಾಷೆಯ ಶಾಲೆಗಳನ್ನು ನಡೆಸಿದರು.

ಭಿವಂಡಿಯ ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮಗೆ ಯಾರ ಛಡಿಯ ಭಯವೂ ಇಲ್ಲ. ಮುಂಬಯಿಯಲ್ಲಿ ನಮ್ಮ ಹಿರಿಯರು ಹಗಲೆಲ್ಲ ಲೋಟ ತೊಳೆದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಮಗುವಿಗೆ ಕನ್ನಡ ಅಕ್ಷರ ಕಲಿಸಲು ದಿನಕ್ಕೆ ಅರ್ಧ ಗಂಟೆ ನಮಗೆ ದೊರಕದೆಂದರೆ ನಂಬುವವರಾರು?