ತೋರಸ್ಲಿಕ್ಕೆ ರೊಕ್ಕ ಕೊಡಬ್ಯಾಡ್ರಿ

ಕೆನಡಾಕ್ಕ ಹೋಗೂ ಹುಡುಗೂರು ಇರೋ ಮನ್ಯಾಗ ಈಗ ಒಂದು ರೂಢಿ ಬಿದ್ದದ. ಅರ್ಜಿ ಹಾಕೋ ಮುಂದ ಅಕೌಂಟಿನ್ಯಾಗ ಇಷ್ಟು ರೊಕ್ಕ ಅದ ಅಂತ ತೋರಿಸಬೇಕಲ್ಲ, ಅದಕ್ಕ ಬೀಗರು ಬಿಜ್ಜರ ಕಡೆಯಿಂದ ನಾಲ್ಕು ದಿನದ ಮಟ್ಟಿಗೆ ಇಸ್ಕೊಂಡು ಹಾಕೂದು. ಪಾಟ್ಲಿ, ಬಿಲ್ವಾರ ಅಡಾ ಇಟ್ಟು ಕೊಟ್ಟವರೂ ಇದ್ದಾರ. "ಮಕ್ಕಳಿಗೆ ಒಳ್ಳೇದಾದ್ರ ಸಾಕು" ಅಂತಾರ. ನಾನು ಅಂತೀನಿ, ಕೊಡಬ್ಯಾಡ್ರಿ. ಅದರಿಂದ ಮಕ್ಕಳಿಗೆ ಒಳ್ಳೇದಾಗೂದಿಲ್ಲ.

ಯಾಕಂದ್ರ, ಎಕ್ಸ್‌ಪ್ರೆಸ್ ಎಂಟ್ರಿ ಅರ್ಜಿಗೆ ಬರೇ ಇವತ್ತಿನ ಬ್ಯಾಲೆನ್ಸ್ ಸಾಲೂದಿಲ್ಲ. ಬ್ಯಾಂಕಿನವರು ತಮ್ಮ ಲೆಟರ್‌ಹೆಡ್ ಮ್ಯಾಲೆ ಅಕೌಂಟ್ ಎಂದು ತಗದದ್ದು, ಇವತ್ತ ಎಷ್ಟದ, ಹಿಂದಿನ 6 ತಿಂಗಳ ಸರಾಸರಿ ಎಷ್ಟು, ಸಾಲ ಏನೇನವ, ಎಲ್ಲಾ ಬರದು ಕೊಡಬೇಕು. ನಿನ್ನೆ ಬಂದು ಬಿದ್ದ ಹತ್ತು ಲಕ್ಷ ಆ ಸರಾಸರಿಯೊಳಗ ತಾನ ಎದ್ದು ಕಾಣಸ್ತದ. ಇನ್ನ, ಬ್ಯಾರೆಯವರ ಕಡೆ ಸಾಲ ತಂದ ರೊಕ್ಕ ನಡೆಯೂದಿಲ್ಲ ಅಂತ ಅವರ ನಿಯಮದಾಗನ ಅದ. ಮನಿ, ಪ್ಲಾಟಿನ ಬೆಲೆನೂ ಲೆಕ್ಕಕ್ಕ ಬರೂದಿಲ್ಲ.

ಕೊಡೂ ಮನಸ್ಸಿದ್ರ ಪೂರಾ ಕೊಟ್ಟುಬಿಡ್ರಿ. ಇದು ಕಾಣಿಕಿ, ತಿರುಗಿ ಕೇಳೂದಿಲ್ಲ ಅಂತ ಕಾಗದದ ಮ್ಯಾಲೆ ಬರದು ಸಹಿ ಮಾಡ್ರಿ, ಖರೇನೂ ಕೇಳಬ್ಯಾಡ್ರಿ. ಆಗೂದಿಲ್ಲ ಅಂದ್ರ ಮೊದಲ ಹೇಳಿಬಿಡ್ರಿ. ಒಂದು ವರ್ಷ ತಡಾ ಮಾಡಿ, ತಾನ ಉಳಿಸಿ ಹೋದ್ರ ಏನೂ ಕೆಡೂದಿಲ್ಲ.

ಎರಡನೇದು, ಕೆಲಸದ ಪತ್ರ. ಹುದ್ದೆ, ಮಾಡಿದ ಕೆಲಸ, ಎಂದಿನಿಂದ ಎಂದಿನ ತನಕ, ವಾರಕ್ಕ ಎಷ್ಟು ತಾಸು, ಪಗಾರ ಎಷ್ಟು, ಎಲ್ಲಾ ಅದರಾಗ ಇರಬೇಕು. "ನಮ್ಮ ಕಾಕಾನ ಫರ್ಮ್ ಅದ, ಒಂದು ಬರಸ್ಕೊಂಡು ಬಾ" ಅನ್ನೋರು ನಾವ. ಸುಳ್ಳು ಹೊರಗ ಬಿತ್ತಂದ್ರ 5 ವರ್ಷ ಕೆನಡಾದ ಬಾಗಿಲು ಮುಚ್ತದ. ಹಳೇ ಕಂಪನಿಯವರು ಪೂರಾ ಪತ್ರ ಕೊಡದಿದ್ರ ಪಗಾರ ಚೀಟಿ, ನೇಮಕದ ಆರ್ಡರ್ ಇಟ್ಟು, ಯಾಕ ಸಿಗಲಿಲ್ಲ ಅಂತ ಒಂದು ಪತ್ರ ಬರದು ಕೂಡಸಬಹುದು. ಅದು ಮರ್ಯಾದಿ ದಾರಿ.

ಮೂರನೇದು ನಮ್ಮ ಹೆಣ್ಣುಮಕ್ಕಳ ಸಂಬಂಧದ್ದು, ಇದನ್ನ ಲಕ್ಷ್ಯ ಕೊಟ್ಟು ಓದ್ರಿ. ಅರ್ಜಿ ಹಾಕಿದ ಮ್ಯಾಲೆ ಹುಡುಗನ ಮದುವಿ ಮಾಡ್ತೀವಿ. "ಈಗ ಹೇಳಿದ್ರ ಕೆಲಸ ತಡಾ ಆಗ್ತದ, ಆಮೇಲೆ ಕರಸ್ಕೊಂಡ್ರಾತು" ಅಂತ ಸುಮ್ಮ ಕೂಡ್ತೀವಿ. ಹಂಗ ಮುಚ್ಚಿಟ್ಟ ಹೆಂಡತಿನ್ನ ಮುಂದ ಸ್ಪಾನ್ಸರ್ ಮಾಡೂ ದಾರಿನ ಬಂದ್ ಆಗಬಹುದು. ಆಕಿ ಇಲ್ಲಿ, ಅಂವ ಅಲ್ಲಿ. ಸಂಗಾಟ ಬರಲಿ ಬಿಡಲಿ, ಹೆಂಡತಿ ಮಕ್ಕಳ ಹೆಸರು ಅರ್ಜಿಯೊಳಗ ಇರಬೇಕು. ಹೆಣ್ಣು ಕೊಡೋ ಮನಿಯವರು ಸಂಬಳ ಕೇಳಿದಂಗ ಇದನ್ನೂ ಕೇಳ್ರಿ.

ಹಂಗಾದ್ರ ನಾವು ಮನ್ಯಾಗಿನವರು ಏನೂ ಮಾಡೂದು ಬ್ಯಾಡೇನು? ಭಾಳ ಅದ. ಕರೆ ಬಂದ ಮ್ಯಾಲೆ ಅವರಿಗೆ ಸಿಗೂದು ಬರೇ 60 ದಿನ. ಟ್ರಂಕಿನ್ಯಾಗಿನ ಜನನ ದಾಖಲೆ, ಮಾರ್ಕ್ಸ್ ಕಾರ್ಡ್, ಮದುವಿ ನೋಂದಣಿ ಈಗ ತಗೀರಿ. ಸಾಲ್ಯಾಗ ಒಂದು ಸ್ಪೆಲ್ಲಿಂಗ್, ಪಾಸ್‌ಪೋರ್ಟಿನ್ಯಾಗ ಒಂದು. ಒಂದ್ರಾಗ ಅಡ್ಡಹೆಸರು ಅದ, ಇನ್ನೊಂದ್ರಾಗ ಬರೇ ಇನಿಷಿಯಲ್. ಇವು ಸರಿ ಆಗ್ಲಿಕ್ಕೆ ತಿಂಗಳಗಟ್ಟಲೆ ಬೇಕು. ಕನ್ನಡದಾಗಿನ ಕಾಗದಕ್ಕ ಇಂಗ್ಲಿಷ್ ಅನುವಾದ ಆಗಬೇಕು. ಆದ್ರ ಇಂಗ್ಲಿಷ್ ಟೀಚರ್ ಇರೋ ಅತ್ತಿ, ಮಾವಶಿ ಮಾಡಿದ್ದು ನಡೆಯೂದಿಲ್ಲ. ತಂದಿ ತಾಯಿ, ಅಣ್ಣ ತಮ್ಮ, ಕಾಕಾ ಯಾರೂ ಮಾಡೂಹಂಗಿಲ್ಲ. ಹೊರಗಿನವರ ಕಡೆನ ಮಾಡಸಬೇಕು.

ನೋಡ್ರಿ, ಅವರ ನಿಯಮಕ್ಕ ಸಂಬಂಧಿಕರ ಪ್ರೀತಿ ಎಂಥಾದ್ದು ಅಂತ ಚಲೋ ಗೊತ್ತದ. ಪ್ರೀತಿ ಇದ್ರ ಕಾಗದ ಹುಡುಕಿಕೊಡೂಣು. ಸುಳ್ಳು ಕೊಟ್ಟು ಕಳಸೂದು ಬ್ಯಾಡ.