ಹಿರಿಯರ ವಿಚಾರವೂ ತರುಣರ ತಾತ್ಸಾರವೂ

“ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೆ ನೇಣು ಹಾಕಿಕೊಳ್ಳಬೇಕೇನು?” ಹಿರಿಯರ ವಿಚಾರಗಳ ಮಾತೆತ್ತಿದೊಡನೆಯೇ ನಮ್ಮ ವಿದ್ಯಾವಂತ ತರುಣರ ಬಾಯಿಂದ ಹೊರಡುವ ಸಿದ್ಧ ಉತ್ತರವಿದು. ಈ ಒಂದು ಗಾದೆಯಿಂದ ವಾದವೆಲ್ಲ ಮುಗಿಯಿತೆಂದು ಅವರು ಬಗೆಯುತ್ತಾರೆ. ಆದರೆ ಈ ಗಾದೆಯನ್ನು ಕಟ್ಟಿದವರು ಯಾರು? ಕಾಲೇಜಿನ ವಿದ್ಯಾರ್ಥಿಗಳಂತೂ ಅಲ್ಲ. ಆ ಹಿರಿಯರೇ ಇದನ್ನು ಕಟ್ಟಿದರು. ಹಳೆಯದೆಂಬ ಒಂದೇ ಕಾರಣಕ್ಕಾಗಿ ಯಾವುದನ್ನೂ ಕೊರಳಿಗೆ ಬಿಗಿದುಕೊಳ್ಳಬೇಡಿರೆಂದು ತಮ್ಮ ಮಕ್ಕಳಿಗೆ ತಾವೇ ಎಚ್ಚರಿಕೆ ಹೇಳಿ ಹೋದರು. ನೇಣು ಬೇಡವೆಂದರೇ ಹೊರತು ಮರವನ್ನು ಬುಡಸಹಿತ ಕಡಿದು ಹಾಕಿರೆಂದು ಅವರೆಲ್ಲಿ ಹೇಳಿದರು?

‘ಹಿರಿಯರ ವಿಚಾರಗಳು’ ಎಂದು ಒಟ್ಟಾರೆಯಾಗಿ ವಾದಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಅಂಥ ವಾದದಲ್ಲಿ ಒಬ್ಬರು ಉಪನಿಷತ್ತನ್ನು ಹಿಡಿಯುತ್ತಾರೆ, ಇನ್ನೊಬ್ಬರು ಬಾಲ್ಯವಿವಾಹವನ್ನು ಹಿಡಿಯುತ್ತಾರೆ. ಗಂಟಲು ಒಣಗಿದ ಮೇಲೆ ಇಬ್ಬರೂ ಮನೆಗೆ ಹೋಗುತ್ತಾರೆ. ಆದ್ದರಿಂದ ನಾವು ಒಂದೇ ಒಂದು ವಸ್ತುವನ್ನು ವಾಚಕರ ಮುಂದಿಡುತ್ತೇವೆ. ಅದು ಅವರ ಊರಿನ ಹೊರಗೇ ಇದೆ, ಅಥವಾ ಇತ್ತು. ಅದುವೇ ಊರ ಕೆರೆ.

ಕನ್ನಡ ನಾಡಿನಲ್ಲಿ ಇಂದಿಗೂ ಸುಮಾರು 36,000 ಕೆರೆಗಳು ಲೆಕ್ಕದಲ್ಲಿವೆ. ಅರಸೀಕೆರೆ, ತರೀಕೆರೆ, ಹೊಳಲ್ಕೆರೆ, ಚಳ್ಳಕೆರೆ ಎಂದು ನಮ್ಮ ಪಟ್ಟಣಗಳು ತಮ್ಮ ಹೆಸರಿನಲ್ಲೇ ಕೆರೆಯನ್ನು ಹೊತ್ತುಕೊಂಡಿವೆ. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವು ಒಬ್ಬ ತಾಯಿಯ ಮಾತನ್ನು ಕಲ್ಲಿನಲ್ಲಿ ಉಳಿಸಿದೆ. ಕೂಸಿಗೆ ಹಾಲೂಡಿಸುವಾಗಲೇ ಆ ತಾಯಿಯು ಕೆರೆ ಕಟ್ಟಿಸಬೇಕು, ಬಾವಿ ತೋಡಿಸಬೇಕು, ಸೆರೆಯಲ್ಲಿದ್ದ ಅನಾಥರನ್ನು ಬಿಡಿಸಬೇಕು ಎಂದು ಅದರ ಕಿವಿಯಲ್ಲಿ ಹೇಳಿದಳಂತೆ. ಇಂದು ನಾವು ಕೂಸಿನ ಕಿವಿಯಲ್ಲಿ ಏನು ಹೇಳುತ್ತಿದ್ದೇವೆಂಬುದನ್ನು ವಾಚಕರೇ ಬಲ್ಲರು.

ಇದು ಬರಿಯ ಪುಣ್ಯಸಂಪಾದನೆಯ ಮಾತು, ಶಾಸ್ತ್ರವಲ್ಲ ಎಂದು ಹೇಳುವವರಿದ್ದಾರೆ. ಅಂಥವರು 1369ರ ಪೋರುಮಾಮಿಳ್ಳ ಶಾಸನವನ್ನು ಓದಬೇಕು. ಬುಕ್ಕರಾಯನ ಮಗನಾದ ಭಾಸ್ಕರನು ಇಂದಿನ ಆಂಧ್ರದ ಕಡಪಾ ಸೀಮೆಯಲ್ಲಿ ಕೆರೆಯೊಂದನ್ನು ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅಲ್ಲಿ ಕೆತ್ತಿಸಿದ್ದಾನೆ. ಗಟ್ಟಿ ಜೇಡಿಯ ನೆಲವಿರಬೇಕು. ಎರಡು ಗುಡ್ಡಗಳ ನಡುವೆ ಅತಿ ಉದ್ದವಲ್ಲದ ಭದ್ರವಾದ ಕಲ್ಲಿನ ಕಟ್ಟೆಯಿರಬೇಕು. ಅಂಗಳವು ವಿಶಾಲವೂ ಆಳವೂ ಆಗಿರಬೇಕು. ಜಲಶಾಸ್ತ್ರವನ್ನು ಬಲ್ಲ ಪಂಡಿತನೂ ಕೆಲಸದಲ್ಲಿ ಪಳಗಿದ ಆಳುಗಳೂ ಬೇಕು. ಕಟ್ಟೆಯಲ್ಲಿ ನೀರು ಜಿನುಗುವುದು, ನೆಲ ಚೌಳಾಗಿರುವುದು, ನೀರು ಕಡಿಮೆಯಿದ್ದು ಹೊಲ ಹೆಚ್ಚಾಗಿರುವುದು, ಹೊಲ ಕಡಿಮೆಯಿದ್ದು ನೀರು ಹೆಚ್ಚಾಗಿರುವುದು ಇವು ದೋಷಗಳು. ಸಾವಿರ ಆಳುಗಳು ಎರಡು ವರ್ಷ ದುಡಿದರೆಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಇದು ಮೂಢನಂಬಿಕೆಯೇ? ನಮ್ಮ ಇಂಜಿನಿಯರಿಂಗ್ ಶಾಲೆಗಳಿಂದ ಹೊರಬೀಳುವ ತರುಣರಲ್ಲಿ ಈ ಶಾಸನದ ಹೆಸರನ್ನು ಕೇಳಿದವರು ಎಷ್ಟು ಮಂದಿ?

ಚನ್ನಗಿರಿ ತಾಲೂಕಿನ ಸೂಳೆಕೆರೆಯನ್ನು ನೋಡಿದವರಿಗೆ ಈ ಮಾತು ಇನ್ನೂ ಸ್ಪಷ್ಟವಾದೀತು. ಮೈಲುಗಟ್ಟಲೆ ಹರಡಿದ ನೀರನ್ನು ಎರಡು ಗುಡ್ಡಗಳ ನಡುವಣ ಒಂದು ಕಿರಿದಾದ ಏರಿ ತಡೆದು ನಿಲ್ಲಿಸಿದೆ. ಎಂಟು ನೂರು ವರ್ಷಗಳ ಹಿಂದೆ ಆ ಜಾಗವನ್ನು ಆರಿಸಿದ ಕಣ್ಣು ಎಂಥದು! ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನಲ್ಲಿ ಇಂಜಿನಿಯರನಾಗಿದ್ದ ಸ್ಯಾಂಕಿ ಎಂಬ ಬ್ರಿಟಿಷ್ ಅಧಿಕಾರಿಯು, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಬರೆದು ಬೆರಗಾದನು. ಪರಕೀಯನು ಬೆರಗಾದದ್ದನ್ನು ಸ್ವಕೀಯನು ಮೂಸಿಯೂ ನೋಡಲಿಲ್ಲ.

ಕಟ್ಟುವುದು ಒಂದು ಪಾಲು, ನಡೆಸುವುದು ಒಂಬತ್ತು ಪಾಲು. ಹಿರಿಯರ ನಿಜವಾದ ಜಾಣತನವು ಈ ಒಂಬತ್ತು ಪಾಲಿನಲ್ಲಿದೆ. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಗೆ ತಾಯಿ. ಹೀಗೆ ಒಂದಕ್ಕೊಂದು ಕೊಂಡಿ ಹಾಕಿದ ಕೆರೆಗಳ ಮಾಲೆಯಲ್ಲಿ ಒಂದು ಊರಿನವರು ತಮ್ಮ ಕೋಡಿಯನ್ನು ಎತ್ತರಿಸಿದರೆ ಕೆಳಗಿನ ಊರು ಒಣಗುತ್ತದೆ, ಮೇಲಿನ ಊರು ಮುಳುಗುತ್ತದೆ. ಆದುದರಿಂದ ಕೋಡಿಯ ಕಲ್ಲಿನ ಎತ್ತರವೆಂದರೆ ಊರೂರುಗಳ ನಡುವಣ ಕರಾರು. ಕೆರೆಯನ್ನು ಕಟ್ಟಿದವನಿಗೂ ಕಾಪಾಡುವವನಿಗೂ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಅದೇ ಕೆರೆಯ ಕೆಳಗೆ ಭೂಮಿಯನ್ನು ಬಿಟ್ಟಿದ್ದರು. ಕೆರೆ ತುಂಬಿದರೆ ಅವನ ಗದ್ದೆ ಬೆಳೆದೀತು. ಕೆರೆ ಒಡೆದರೆ ಅವನ ಗದ್ದೆಯೇ ಮೊದಲು ಕೊಚ್ಚಿಹೋದೀತು. ಗುತ್ತಿಗೆದಾರನಿಗೆ ಬಿಲ್ಲು ಪಾಸು ಮಾಡಿ ಕೈತೊಳೆದುಕೊಳ್ಳುವ ಈ ಕಾಲದ ಪದ್ಧತಿಗೆ ಇದನ್ನು ಹೋಲಿಸಿ ನೋಡಿರಿ.

ಇನ್ನು ನೀರುಗಂಟಿಯ ಮಾತು. ತೂಬನ್ನು ಎತ್ತುವವನೂ ಇಳಿಸುವವನೂ ಅವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಕಾಲುವೆಯಲ್ಲಿ ಏಡಿ ಬಿಲ ತೋಡಿದೆ, ಏರಿಯ ಯಾವ ಭಾಗದಲ್ಲಿ ಒಸರು ಕಂಡಿದೆ, ಇವೆಲ್ಲ ಅವನ ತಲೆಯಲ್ಲಿದ್ದವು. ನಟ್ಟಿರುಳಿನಲ್ಲಿ ಮಳೆ ಹೊಯ್ಯುವಾಗ ಊರೆಲ್ಲ ಕಂಬಳಿ ಹೊದ್ದು ಮಲಗಿದ್ದರೆ ಇವನೊಬ್ಬನು ಕಂದೀಲು ಹಿಡಿದು ಏರಿಯ ಮೇಲೆ ನಡೆಯುತ್ತಿದ್ದನು. ಇವನು ಬಹುಮಟ್ಟಿಗೆ ಗದ್ದೆಯಿಲ್ಲದ ಬಡವನು. ನೀರಿನಲ್ಲಿ ಸ್ವಂತ ಲಾಭವಿಲ್ಲದವನ ಕೈಯಲ್ಲಿಯೇ ನೀರಿನ ತಕ್ಕಡಿ ಇರಲೆಂಬುದು ಇದರೊಳಗಿನ ಯುಕ್ತಿಯಾಗಿರಬೇಕೆಂದು ನಾವು ತಿಳಿಯುತ್ತೇವೆ. ಮಳೆ ಕೈಕೊಟ್ಟ ವರುಷ ಕೋಲಾರದ ಕಡೆಯಲ್ಲಿ ಅಚ್ಚುಕಟ್ಟಿನ ಒಂದು ಭಾಗವನ್ನು ಮಾತ್ರ ಸಾಗುವಳಿಗೆ ಇಟ್ಟುಕೊಂಡು, ತೂಬಿಗೆ ಸಮೀಪದ ಆ ನೆಲವನ್ನೇ ಎಲ್ಲ ಹಿಡುವಳಿದಾರರೂ ದಾಮಾಷಾ ಪ್ರಕಾರ ಹಂಚಿಕೊಳ್ಳುತ್ತಿದ್ದರು. ತನ್ನ ಗದ್ದೆಯಲ್ಲಿ ಹತ್ತಿರದವನು ಬೆಳೆ ತೆಗೆಯದೆ ದೂರದವನಿಗೂ ಪಾಲು ಬಿಡುತ್ತಿದ್ದನೆಂದಾಯಿತು! ಸಮತೆಯ ಗ್ರಂಥಗಳನ್ನು ಪರದೇಶದಿಂದ ತರಿಸಿಕೊಂಡು ಓದುವ ನಮ್ಮ ತರುಣರು ಒಂದು ದಿನ ಬಿಡುವು ಮಾಡಿಕೊಂಡು ಕೋಲಾರದ ಮುದುಕರ ಬಳಿ ಕುಳಿತರೆ ಈ ಕಾಯಿದೆಯ ಕಲಮುಗಳನ್ನು ಬಾಯಿಂದಲೇ ಕೇಳಬಹುದು. ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುವುದು, ಕೆರೆ ತುಂಬಿದಾಗ ಹೆಂಗಸರು ಬಾಗಿನ ಬಿಡುವುದು ಇವೂ ಆ ವ್ಯವಸ್ಥೆಯ ಅಂಗಗಳೇ. ಗೋಡು ಹೊಲಕ್ಕೆ ಗೊಬ್ಬರವಾದರೆ ಕೆರೆಗೆ ಹೂಳೆತ್ತಿದಂತಾಯಿತು. ಬಾಗಿನದ ನೆವದಿಂದ ಊರಿಗೂರೇ ಏರಿಯ ಮೇಲೆ ನಡೆದು ಅದರ ಸ್ಥಿತಿಗತಿಯನ್ನು ಕಣ್ಣಾರೆ ಕಾಣುತ್ತಿತ್ತು.

ಇಂಥ ಏರ್ಪಾಡು ಕೆಟ್ಟದ್ದು ಹೇಗೆ? ಮೊದಲನೆಯ ಪೆಟ್ಟು ಪರಸರಕಾರದ್ದು. ಕಂದಾಯವನ್ನು ತಾನು ಬಳಿದುಕೊಂಡು ಕೆರೆಯ ಒಡೆತನವನ್ನೂ ತಾನೇ ಎತ್ತಿಕೊಂಡಿತು; ಕೊಡಗೆ ಭೂಮಿಗಳ ಆಧಾರ ಸಡಿಲಿತು; ಊರಿನವರಿಗೆ ಉಳಿದದ್ದು ದುಡಿಮೆ ಮಾತ್ರ. 1911ರಲ್ಲಿ ಮೈಸೂರು ಸಂಸ್ಥಾನವು ಕೆರೆ ಪಂಚಾಯತಿಗಳ ರೆಗ್ಯುಲೇಷನ್ನನ್ನು ಹೊರಡಿಸಬೇಕಾಯಿತು. ತಾನಾಗಿ ನಡೆಯುತ್ತಿದ್ದುದಕ್ಕೆ ಕಾನೂನಿನ ಊರುಗೋಲು ಬೇಕಾಯಿತೆಂಬುದೇ ರೋಗದ ಲಕ್ಷಣ. ಸ್ವರಾಜ್ಯ ಬಂದ ಮೇಲೆ 1961ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಕಾಯಿದೆಯಾಯಿತು. ಅದು ನ್ಯಾಯವಾದ ಕಾಯಿದೆಯೆಂದೇ ನಮ್ಮ ಸ್ಪಷ್ಟ ಅಭಿಪ್ರಾಯ. ಹುಟ್ಟಿದ ಜಾತಿಯ ಕಾರಣದಿಂದ ಒಬ್ಬನ ಮಗನೂ ಮೊಮ್ಮಗನೂ ಊರ ಚಾಕರಿಗೆ ಕಟ್ಟುಬೀಳುವುದನ್ನು ಯಾವ ಸ್ವಾಭಿಮಾನಿಯೂ ಸಮರ್ಥಿಸಲಾರನು. ಆದರೆ ಹುದ್ದೆಯನ್ನು ತೆಗೆದವರು ಅದರ ವಿದ್ಯೆಯನ್ನು ಯಾರಿಗೆ ವಹಿಸಿದರು? ತೂಬು ಯಾರದು, ಕೋಡಿ ಯಾರದು ಎಂಬುದು ಯಾರಿಗೂ ತಿಳಿಯದಂತಾಯಿತು. ಅನ್ಯಾಯವನ್ನು ಅಳಿಸುವ ಅವಸರದಲ್ಲಿ ಅರಿವನ್ನೂ ಅಳಿಸಿದೆವು.

ಬಳಿಕ ಕೊಳವೆ ಬಾವಿ ಬಂತು. ಹಣವುಳ್ಳವನು ತನ್ನ ಹೊಲದಲ್ಲೇ ಪಾತಾಳಕ್ಕೆ ಸೂಜಿ ಚುಚ್ಚಿ ನೀರೆತ್ತತೊಡಗಿದ ಮೇಲೆ ಕೆರೆಯ ಸಭೆಗೆ ಬರುವ ಗರಜು ಅವನಿಗೆಲ್ಲಿ? ಕೋಲಾರದ ಕಡೆಯಲ್ಲಿ ಆ ಸೂಜಿ ಸಾವಿರ ಅಡಿಯನ್ನೂ ಮೀರಿ ಇಳಿದು, ಫ್ಲೋರೈಡಿನ ನೀರನ್ನು ಮೇಲೆ ತಂದು, ಮಕ್ಕಳ ಹಲ್ಲು ಮೂಳೆಗಳನ್ನು ಕೆಡಿಸಿತು. ಬೆಂಗಳೂರಿನ ಕಥೆಯಂತೂ ಹೇಳತೀರದು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವೆದ್ದಿತು. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಬಿದ್ದ ಸುದ್ದಿಯನ್ನು ನಮ್ಮ ಅಜ್ಜಂದಿರು ಪುರಾಣದಲ್ಲಾದರೂ ನಂಬುತ್ತಿದ್ದರೋ ಇಲ್ಲವೋ! 2022ರ ಸೆಪ್ಟೆಂಬರದಲ್ಲಿ ರಾಜಕಾಲುವೆಗಳು ಮುಚ್ಚಿದ್ದ ಕಡೆಯಲ್ಲೆಲ್ಲ ಮಳೆಯ ನೀರು ನುಗ್ಗಿ, ಗಣಕಯಂತ್ರದ ಕಂಪನಿಗಳ ವಿದ್ಯಾವಂತರು ಟ್ರ್ಯಾಕ್ಟರು ಏರಿ ಕೆಲಸಕ್ಕೆ ಹೋಗಬೇಕಾಯಿತು. ಅದಾದ ಹದಿನೆಂಟು ತಿಂಗಳಲ್ಲಿ, 2024ರ ಮಾರ್ಚದಲ್ಲಿ, ಅದೇ ಊರಿನವರು ಕೊಡ ಹಿಡಿದು ಟ್ಯಾಂಕರಿನ ಹಿಂದೆ ನಿಂತರು. ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ ನೀರನ್ನು ಏರಿಸಿ ತರುವ ಊರು, ತನ್ನ ತಲೆಯ ಮೇಲೆ ಬಿದ್ದ ನೀರನ್ನು ಹಿಡಿದಿಡಲಾರದೆ ಹೋಯಿತು.

ಇಷ್ಟಾದ ಮೇಲೂ ಹಳೆಯ ಏರ್ಪಾಡು ಸತ್ತಿತೆಂದು ಹೇಳುವಂತಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಬಿಡಲಾಗುತ್ತಿದೆ. ಆ ನೀರಿನ ಶುದ್ಧಿಯ ಪ್ರಶ್ನೆ ಬೇರೆ. ಆ ವಿವಾದವು ವರಿಷ್ಠ ನ್ಯಾಯಾಲಯದವರೆಗೆ ಹೋಯಿತು. ಆದರೆ ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ತಾನಾಗಿಯೇ ಹರಿದು ಹೋದುದನ್ನು ಜನ ನೋಡಿದರು. ಆ ಇಳಿಜಾರನ್ನು ಅಳೆದವರು ಯಾರು? ಯಂತ್ರ ಇಂದಿನದು, ದಾರಿ ಅಜ್ಜಂದಿರದು.

ಇಲ್ಲಿ ತರುಣರು ಎದ್ದು ನಿಂತು ಕೇಳಬಹುದು: “ಕೆರೆಗೆ ನೀರು ಬರಲೆಂದು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆಯನ್ನು ‘ಕೆರೆಗೆ ಹಾರ’ವೆಂದು ಹಾಡಿದವರೂ ಇದೇ ಹಿರಿಯರಲ್ಲವೇ? ಅದೇ ಕೆರೆಯ ನೀರನ್ನು ಮುಟ್ಟಬೇಡವೆಂದು ಹೊಲಗೇರಿಯವರನ್ನು ದೂರವಿಟ್ಟವರೂ ಅವರಲ್ಲವೇ?” ಅಹುದು, ಅವರೇ. ಈ ಪ್ರಶ್ನೆಯನ್ನು ನಾವು ಮುಚ್ಚಿಡುವುದಿಲ್ಲ. ನಮ್ಮ ವಾದದ ತಿರುಳೇ ಇದರಲ್ಲಿದೆ. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಕುಡಿದಾಗ, ಅಲ್ಲಿಯ ಸವರ್ಣರು ಇದು ಅನಾದಿಕಾಲದ ರೂಢಿಗೆ ವಿರುದ್ಧವೆಂದು ಕೋರ್ಟಿಗೆ ಹೋದರು. ದಾವೆಯು ಹತ್ತು ವರ್ಷ ನಡೆಯಿತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಯಾವ ನ್ಯಾಯಾಲಯದ ಅಧಿಕಾರಕ್ಕೆ ಸೇರಿದ್ದವೋ ಆ ಮುಂಬಯಿ ಹೈಕೋರ್ಟು 1937ರಲ್ಲಿ, ಅಂಥ ಅನಾದಿ ರೂಢಿಯು ಸಿದ್ಧವಾಗಲಿಲ್ಲವೆಂದು ತೀರ್ಪು ಕೊಟ್ಟಿತು.

ವಕೀಲಿಯ ಮಾತೆಂದು ವಾಚಕರು ಬೇಸರಿಸಬಾರದು. ರೂಢಿಯನ್ನು ಎತ್ತಿ ಹಿಡಿಯುವವನು ಅದು ಪ್ರಾಚೀನವೆಂದೂ ನಿಶ್ಚಿತವೆಂದೂ ಎಡೆಬಿಡದೆ ನಡೆದು ಬಂದುದೆಂದೂ ತೋರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅದು ವಿವೇಕಕ್ಕೆ ಒಪ್ಪುವಂಥದಾಗಿರಬೇಕು. ಹಿರಿಯರ ಒಂದೊಂದು ವಿಚಾರವನ್ನೂ ತರುಣರು ಹೀಗೆಯೇ ಕಟಕಟೆಗೆ ತರಲಿ, ನಮ್ಮ ಆಕ್ಷೇಪವಿಲ್ಲ. ನೀರಿಗೆ ಮೈಲಿಗೆಯುಂಟೆಂಬ ವಿಚಾರ ಅಲ್ಲಿ ಸೋಲುತ್ತದೆ, ಸೋಲಲಿ. ಹೆಣ್ಣಿನ ಬಲಿಯ ವಿಚಾರ ಬಾಗಿಲಲ್ಲಿಯೇ ಬೀಳುತ್ತದೆ. ಬರದ ವರ್ಷದ ದಾಮಾಷಾ ಹಂಚಿಕೆ ಗೆಲ್ಲುತ್ತದೆ. ಕೋಡಿಯ ಕಲ್ಲಿನ ಕರಾರು ಗೆಲ್ಲುತ್ತದೆ. ಗೋಡಿನ ಗಾಡಿ ಗೆಲ್ಲುತ್ತದೆ. ನಮ್ಮ ಆಕ್ಷೇಪವೆಲ್ಲ ವಿಚಾರಣೆಯನ್ನೇ ನಡೆಸದೆ, ಸಾಕ್ಷಿಯನ್ನೇ ಕರೆಸದೆ, ಏಕಪಕ್ಷೀಯವಾಗಿ ಡಿಕ್ರಿ ಮಾಡಿಬಿಡುವುದರ ಮೇಲೆ.

ತರುಣರಿಗಿಂತ ಹೆಚ್ಚಿನ ಅಪರಾಧಿಗಳು ಇನ್ನೊಂದು ಪಂಗಡದವರು. ವೇದಿಕೆಯ ಮೇಲೆ ನಿಂತು ಪುಲಿಕೇಶಿಯ ಹೆಸರಿನಲ್ಲಿ ಗಂಟಲು ಹರಿದುಕೊಂಡು, ಊರಿಗೆ ಹಿಂದಿರುಗಿ ಕೆರೆಯಂಗಳವನ್ನು ಬಡಾವಣೆಗೆ ಅಳೆಯಿಸುವವರು ಇವರು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದದ್ದು ಕನ್ನಡಿಗರು ಹಿಂದಿನದನ್ನು ನೆನೆದು ಮುಂದಿನ ಕೆಲಸಕ್ಕೆ ಎದ್ದು ನಿಲ್ಲಲೆಂದು; ನೆನೆದು ಮತ್ತೆ ಮಲಗಲೆಂದಲ್ಲ. ವೈಭವವನ್ನು ಹಾಡುವವನು ಕೆರೆಯನ್ನು ನುಂಗಿದರೆ, ಅದನ್ನು ಕಣ್ಣಾರೆ ಕಂಡ ಹುಡುಗನು ವೈಭವವನ್ನೇ ಹಳಿಯುವುದರಲ್ಲಿ ಆಶ್ಚರ್ಯವೇನು?

ಪೋರುಮಾಮಿಳ್ಳದ ಆರು ದೋಷಗಳಲ್ಲಿ ಒಂದನ್ನು ನಾವು ಬೇಕೆಂದೇ ಹಿಂದಿರಿಸಿದ್ದೆವು. ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷವೆಂದು ಆ ಶಾಸನ ಹೇಳುತ್ತದೆ. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1892ರ ಒಪ್ಪಂದದಿಂದ ಮೈಸೂರು ತನ್ನ ನೆಲದಲ್ಲಿಯೇ ಗೊತ್ತುಪಡಿಸಿದ ಹೊಳೆಗಳಿಗೆ ಹೊಸ ಕಟ್ಟೆ ಹಾಕಲು ಮದರಾಸಿನ ಮುಖ ನೋಡಬೇಕಾಯಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. ಆ ದೋಷದ ಬಹುಭಾಗ ಕಳೆಯಿತು. ಉಳಿದ ದೋಷಗಳಿಗೆ ಪರರನ್ನು ದೂರುವ ಅನುಕೂಲವೂ ಅಂದಿಗೇ ಕಳೆಯಿತು.

ಕೊನೆಗೆ ಶಾಲಾ ಮಾಸ್ತರರಲ್ಲಿ ನಮ್ಮದೊಂದು ಬಿನ್ನಹ. ತಮ್ಮ ಊರಿನಲ್ಲಿ ನೀರುಗಂಟಿಯಾಗಿದ್ದವರು, ಇಲ್ಲವೇ ಅವರ ಮಕ್ಕಳು, ಯಾರಾದರೂ ಬದುಕಿದ್ದರೆ ಅವರನ್ನು ಮಾನದಿಂದ ಶಾಲೆಗೆ ಕರೆಯಿಸಿ ಕುರ್ಚಿಯ ಮೇಲೆ ಕೂರಿಸಿರಿ. ಆ ಮೇಲೆ ಹುಡುಗರ ಸಮೇತ ಅವರೊಂದಿಗೆ ಏರಿಯ ಮೇಲೆ ನಡೆಯಿರಿ. ನೀರು ಎಲ್ಲಿಂದ ಬರುತ್ತಿತ್ತು, ಕೋಡಿ ಯಾವ ಕೆರೆಗೆ ಬೀಳುತ್ತಿತ್ತು, ಬರ ಬಿದ್ದಾಗ ಹಂಚಿಕೆ ಹೇಗಿತ್ತು, ಯಾರಿಗೆ ನೀರು ಕೊಡಲಿಲ್ಲ, ಏಕೆ ಕೊಡಲಿಲ್ಲ, ಎಲ್ಲವನ್ನೂ ಹುಡುಗರು ಕೇಳಲಿ. ಕೇಳಿದ್ದನ್ನು ಹಾಗೆಯೇ ಬರೆದಿಡಲಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಯ ದಫ್ತರಕ್ಕೆ ಕೊಡಲಿ. ಪರೀಕ್ಷೆಯ ಗಡಿಬಿಡಿಯಿದ್ದರೂ ಇದನ್ನು ಬೇಸಗೆಯಲ್ಲಿಯೇ ಮಾಡಬೇಕು. ಮಿರಗದ ಮಳೆ ಹಿಡಿದ ಮೇಲೆ ತೂಬಿನ ಕಲ್ಲು ನೀರಿನಲ್ಲಿ ಮುಳುಗಿರುತ್ತದೆ.