ಹೇಂಟೆ ಮೇವು ಬಿಟ್ಟಾಗ

ಹಿತ್ತಿಲಿನ ಹೇಂಟೆಯೊಂದು ಗರಿಗಳನ್ನು ಉಬ್ಬಿಸಿಕೊಂಡು, ಕಣ್ಣನ್ನು ಅರೆಮುಚ್ಚಿ, ಮೂಲೆ ಹಿಡಿದು ನಿಂತಿತೆಂದರೆ ಮನೆಯಲ್ಲಿ ಮೊದಲು ಹೊರಡುವ ಮಾತು “ಅದಕ್ಕೇನಾದರೂ ತಿನ್ನಿಸಿ” ಎಂಬುದು. ಒಬ್ಬರು ಹಿಡಿದುಕೊಳ್ಳುತ್ತಾರೆ, ಇನ್ನೊಬ್ಬರು ಕೊಕ್ಕನ್ನು ಬಿಡಿಸಿ ಮುದ್ದೆಯ ಚೂರನ್ನೋ ಗಂಜಿಯನ್ನೋ ಒಳಕ್ಕೆ ಇಳಿಸುತ್ತಾರೆ. ಈ ಕೆಲಸದ ಹಿಂದಿರುವ ಕರುಣೆಯನ್ನು ನಾನು ಹೀಗಳೆಯಲಾರೆ. ಹೈಸ್ಕೂಲಿನಲ್ಲಿದ್ದಾಗ ನಾನೂ ಚಮಚದಿಂದ ಗಂಜಿ ಹೊಯ್ದು ನನ್ನದೊಂದು ಹೇಂಟೆಯನ್ನು ಕಳೆದುಕೊಂಡೆ. ಅದು ರೋಗದಿಂದಲೇ ಸತ್ತಿತೆಂದು ಎಲ್ಲರೂ ನಂಬಿದರು. ಹಕ್ಕಿಯ ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ ತೆರೆದಿರುತ್ತದೆಂದು ಕಾಲೇಜಿನಲ್ಲಿ ಓದಿದ ದಿನ ನನ್ನ ಮಟ್ಟಿಗೆ ಆ ನಂಬಿಕೆ ಹೋಯಿತು.

ಹಸಿವು ಕೆಡುವುದು ರೋಗವಲ್ಲ, ರೋಗದ ಲಕ್ಷಣ. ಎಷ್ಟೋ ವೇಳೆ ಅದು ದೇಹವೇ ಹೂಡಿದ ಉಪಾಯವೂ ಆಗಿರಬಹುದು. ೧೯೭೯ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯ ತಗುಲಿ ಮೇವು ಬಿಟ್ಟ ಇಲಿಗಳಿಗೆ ಬಲವಂತವಾಗಿ ಆಹಾರ ಕೊಟ್ಟಾಗ, ತಮ್ಮ ಪಾಡಿಗೆ ಬಿಟ್ಟ ಇಲಿಗಳಿಗಿಂತ ಅವೇ ಹೆಚ್ಚಾಗಿ ಸತ್ತವು. ಹಾಗಾದರೆ ಉಪವಾಸವೇ ಔಷಧವೆ? ಅದೂ ಅಲ್ಲ. ೨೦೧೬ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇನ್‌ಫ್ಲುಯೆಂಜಾ ವೈರಸ್ ತಗುಲಿದ ಇಲಿಗಳಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡರು: ಅಲ್ಲಿ ಆಹಾರ ಪಡೆದವೇ ಹೆಚ್ಚು ಉಳಿದವು. ಇಲಿ ಕೋಳಿಯಲ್ಲ, ನಿಜ. ಆದರೆ ಕಾರಣ ತಿಳಿಯದೆ ಕೊಕ್ಕು ಬಿಡಿಸುವುದು ಕುರುಡು ಚಿಕಿತ್ಸೆಯೆಂದು ಹೇಳಲು ಇಷ್ಟು ಸಾಕು.

ಕೋಳಿಯೇ ಕಲಿಸಿದ ಪಾಠವೂ ಉಂಟು. ೧೮೯೦ರ ದಶಕದಲ್ಲಿ ಜಾವಾ ದ್ವೀಪದ ಬಟೇವಿಯಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು ಪಾಲಿಷ್ ಮಾಡಿದ ಅಕ್ಕಿಯನ್ನೇ ತಿಂದು ಕಾಲು ಸೋತ ಕೋಳಿಗಳನ್ನು ಪರೀಕ್ಷಿಸಿದನು. ತವುಡು ಸೇರಿದ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಂಡವು. ಅವಕ್ಕೆ ಕೊರತೆಯಾಗಿದ್ದುದು ಥಯಮಿನ್. ಅದು ಕಡಿಮೆಯಾದರೆ ಹಸಿವೂ ಕುಗ್ಗುತ್ತದೆ. ಅಂಥ ಕೋಳಿಗೆ ಬಿಳಿಯ ಅನ್ನವನ್ನು ಎಷ್ಟು ತುರುಕಿದರೂ ಫಲವೇನು?

ಮೊದಲು ಕೈಯಿಟ್ಟು ನೋಡಬೇಕಾದುದು ಕೊರಳ ಬುಡದಲ್ಲಿರುವ ಆಹಾರಚೀಲವನ್ನು. ಸಂಜೆ ಗೂಡು ಸೇರುವಾಗ ಅದು ತುಂಬಿರಬೇಕು, ಬೆಳಗ್ಗೆ ಮೇಯುವ ಮುನ್ನ ಬರಿದಾಗಿರಬೇಕು. ಬೆಳಗ್ಗೆಯೂ ಗಟ್ಟಿಯಾದ ಉಂಡೆಯಂತಿದ್ದರೆ ನಾರುಹುಲ್ಲೋ ದಾರವೋ ದಾರಿ ಕಟ್ಟಿರಬಹುದು. ನೀರಿನ ಚೀಲದಂತೆ ತುಳುಕಿ ಬಾಯಿಂದ ಹುಳಿನಾತ ಬಂದರೆ ಒಳಗೆ ಹುದುಗೆದ್ದಿದೆ. ಇಂಥದಕ್ಕೆ ಇನ್ನಷ್ಟು ತಿನ್ನಿಸುವುದು ಕಟ್ಟಿಕೊಂಡ ಕಾಲುವೆಗೆ ಮತ್ತೆ ನೀರು ಬಿಟ್ಟಂತೆ. ತಲೆಕೆಳಗಾಗಿ ಹಿಡಿದು ಹಿಂಡುವುದೂ ಅಪಾಯಕರ. ಅದು ಪಶುವೈದ್ಯರ ಕೆಲಸ. ಕಾವಿಗೆ ಕುಳಿತ ಹೇಂಟೆಯು ಸಹಜವಾಗಿಯೇ ಕಡಿಮೆ ತಿನ್ನುತ್ತದೆಂಬುದನ್ನೂ ಮರೆಯಬಾರದು.

ಚೀಲ ಬರಿದಾಗಿದ್ದು ಹೇಂಟೆ ಮಂಕಾಗಿದ್ದರೆ ಆರೈಕೆಗೆ ಒಂದು ಕ್ರಮವಿದೆ. ಮೊದಲು ಬೆಚ್ಚಗಿನ, ಗಾಳಿ ಬೀಸದ ಜಾಗ. ಕೋಳಿಯ ಮೈಶಾಖ ಸುಮಾರು ೪೧ ಡಿಗ್ರಿ ಸೆಲ್ಸಿಯಸ್, ಅದನ್ನು ಕಾಯ್ದುಕೊಳ್ಳಲು ರೋಗಿಗೆ ಕಷ್ಟ. ಅನಂತರ ನೀರು. ಆರೋಗ್ಯವಂತ ಕೋಳಿಯು ತಿನ್ನುವ ಮೇವಿನ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಒಣಗಿದ ಗಂಟಲಿಗೆ ಕಾಳು ಇಳಿಯದು. ನೀರನ್ನು ಬಾಯಿಗೆ ಹೊಯ್ಯದೆ, ಕೊಕ್ಕಿನ ತುದಿಯನ್ನು ಬಟ್ಟಲಿಗೆ ಮುಟ್ಟಿಸಿದರೆ ಸಾಕು. ಮೇವಿನ ಸರದಿ ಕೊನೆಯದು: ನೆನೆಸಿದ ಹಿಟ್ಟಿನ ಮೇವು, ಪುಡಿಮಾಡಿದ ಬೇಯಿಸಿದ ಮೊಟ್ಟೆ, ಒಂದು ಹಿಡಿಗಿಂತ ಕಡಿಮೆ, ಆಗಾಗ ಹೊಸದಾಗಿ. ಕೋಳಿಗೆ ರುಚಿಮೊಗ್ಗುಗಳು ಕೆಲವು ನೂರು ಮಾತ್ರ. ಅದು ಕಣ್ಣಿನಿಂದಲೂ ಸಂಗಾತಿಗಳನ್ನು ನೋಡಿಯೂ ತಿನ್ನುತ್ತದೆ. ಆದುದರಿಂದ ರೋಗಿಯನ್ನು ಬೇರೆಯಿಡಬೇಕು, ಆದರೆ ಇತರ ಕೋಳಿಗಳು ಮೇಯುವುದು ದೂರದಿಂದಲಾದರೂ ಕಾಣುವಂತಿರಬೇಕು. ಕಾಳಿನ ಪಕ್ಕದಲ್ಲಿ ಬೆರಳಿನಿಂದ ಟಕಟಕನೆ ಕುಟ್ಟಿ ನೋಡಿ. ತಾಯಿಕೋಳಿ ಮರಿಗಳನ್ನು ಕರೆಯುವುದು ಹಾಗೆಯೇ.

ಎರಡನೆಯ ದಿನವೂ ಮೇವು ಮುಟ್ಟದಿದ್ದರೆ, ಉಸಿರಿನಲ್ಲಿ ಗೊರಗೊರ ಶಬ್ದವಿದ್ದರೆ, ಹಿಕ್ಕೆ ಹಸಿರು ನೀರಾಗಿದ್ದರೆ ತಡಮಾಡಬಾರದು. ಹಲವು ಕೋಳಿಗಳು ಒಟ್ಟಿಗೆ ಮಂಕಾಗಿ ಕತ್ತು ತಿರುಚುತ್ತಿದ್ದರೆ ರಾಣಿಖೇತ್ ರೋಗವನ್ನು ಶಂಕಿಸಬೇಕು. ಅದಕ್ಕೆ ಮುಂಚಿತವಾಗಿ ಹಾಕಿಸುವ ಲಸಿಕೆಯೇ ರಕ್ಷೆ, ಬಂದ ಮೇಲೆ ಮದ್ದಿಲ್ಲ. ಮನೆಯಲ್ಲಿ ಯಾರಿಗೋ ಕೊಟ್ಟು ಉಳಿದ ಮಾತ್ರೆಯನ್ನು ಕೋಳಿಗೆ ನುಂಗಿಸುವ ಚಾಳಿಯಂತೂ ಅಕ್ಷಮ್ಯ.

ಪರೀಕ್ಷೆಯಲ್ಲಿ ಹಕ್ಕಿಯ ಜೀರ್ಣಾಂಗಗಳ ಚಿತ್ರವನ್ನು ಅಂದವಾಗಿ ಬರೆಯುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಜೀವಂತ ಕೋಳಿಯ ಆಹಾರಚೀಲವನ್ನು ಮುಟ್ಟಿದ್ದಾರೆ? ಒಂದು ವಾರ ಬೆಳಗ್ಗೆ ಸಂಜೆ ಮುಟ್ಟಿ ನೋಡಿ (ಆಮೇಲೆ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ). ಚೀಲ ಹೇಗಿತ್ತು, ಬಟ್ಟಲಿನಲ್ಲಿ ನೀರೆಷ್ಟು ಇಳಿಯಿತು, ಹಿಕ್ಕೆಯ ಬಣ್ಣ ಯಾವುದು ಎಂಬುದನ್ನು ಗುರುತು ಹಾಕಿಡಿ. ಮುಂದೆ ಹೇಂಟೆ ಮೇವು ಬಿಟ್ಟ ದಿನ ಪಶುವೈದ್ಯರ ಮೊದಲ ಪ್ರಶ್ನೆಗಳು ಇವೇ ಆಗಿರುತ್ತವೆ.